ದೀಪ ಕೇಳುವಾಕೆ

ಆನೆಗೊಂದಿಯ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ, ಎರಡು ಮರದ ಕಂಬಗಳ ನಡುವೆ, ಉಳಿದ ಹಾಸುಗಲ್ಲುಗಳಿಗಿಂತ ತುಸು ಎತ್ತರವಾಗಿ ಕೂತ ಒಂದು ಚಪ್ಪಡಿ ಇತ್ತು. ಅದರ ಒಂದು ಅಂಚಿಗೆ ಕಬ್ಬಿಣದ ಬಳೆ ಜಡಿದಿದ್ದರು. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳೆಲ್ಲ ಆ ಪಡಸಾಲೆಯ ತಣ್ಣನೆಯ ನೆಲದ ಮೇಲೆಯೇ ಸಾಲಾಗಿ ಮಲಗುತ್ತಿದ್ದೆವು, ಆದರೆ ಆ ಚಪ್ಪಡಿಯ ಮೇಲೆ ಮಾತ್ರ ಯಾರೂ ಚಾಪೆ ಹಾಸುತ್ತಿರಲಿಲ್ಲ. ಅದರ ಕೆಳಗೆ ಒಬ್ಬಾಕೆ ಇದ್ದಾಳೆ ಎಂದು ಅಜ್ಜಿ ಹೇಳಿದ್ದಳು. ಆಕೆಗೆ ಹೆಸರಿರಲಿಲ್ಲ, ಮನೆಯವರೆಲ್ಲ "ಹಗೇವಿನಾಕಿ" ಎನ್ನುತ್ತಿದ್ದರು. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಅದರ ಕತ್ತು ಕಿರಿದು, ಹೊಟ್ಟೆ ಅಗಲ, ಆಳ ಎರಡಾಳು. ಒಳಗೆಲ್ಲ ಒಣಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಸಂದಿಗೆ ಮಣ್ಣು ಮೆತ್ತಿಬಿಟ್ಟರೆ ಬರಗಾಲ ಬಂದು ಬಾಯಿ ತೆರೆಯುವವರೆಗೂ ಕಾಳಿಗೆ ಹುಳ ಬೀಳುತ್ತಿರಲಿಲ್ಲ.

ಅಜ್ಜಿ ಆ ಕತೆಯನ್ನು ಪ್ರತಿಸಲವೂ ಒಂದೇ ಮಾತುಗಳಲ್ಲಿ ಹೇಳುತ್ತಿದ್ದಳು. "ಆಕಿಗೆ ಕತ್ತಲ್ದಾಗ ಕುಂತು ಕುಂತು ಸಾಕಾಗೇತಿ. ಕಲ್ಲು ತಗದ ಕೂಡ್ಲೆ ದೀಪ ಕೇಳ್ತಾಳ. ಹಗ್ಗಕ್ಕ ಕಟ್ಟಿ ಇಳಿಸ್ಬೇಕು. ಆಕಿ ದೀಪ ತಗೊಂಡ್ಲಂದ್ರ ಆಕಿ ಇನ್ನಾ ಒಳಗದಾಳ ಅಂತ ತಿಳ್ಕೊಂಡು, ಕಲ್ಲು ಬಾಜೂಕಿಟ್ಟು, ಹಗೇವಿನ ಬಾಯಿ ತಗದು ಬಂದ್‌ಬಿಡಬೇಕು. ಮರುದಿನ ಮತ್ತ ಇಳಿಸ್ಬೇಕು. ದೀಪ ಬ್ಯಾಡಂತ ವಾಪಸ್ ಕೊಟ್ಲಂದ್ರ ಆಕಿ ಹೊರಗ ಹೋಗ್ಯಾಳ ಅಂತ ಅರ್ಥ, ಆವಾಗ ಇಳೀಬೇಕು. ದೀಪ ಕೊಡದ ಇಳದವ್ರನ್ನ ಆಕಿ ಬಿಡಂಗಿಲ್ಲ." ಇಷ್ಟು ಹೇಳಿ ಅಜ್ಜಿ ಕಂದೀಲಿನ ಬತ್ತಿ ಇಳಿಸುತ್ತಿದ್ದಳು. ಆ ಮಬ್ಬುಗತ್ತಲಲ್ಲಿ ನಾನು ಆ ಕಬ್ಬಿಣದ ಬಳೆಯನ್ನು ನೋಡುತ್ತ ಎಷ್ಟೋ ಹೊತ್ತು ಎಚ್ಚರವಾಗಿರುತ್ತಿದ್ದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಆನೆಗೊಂದಿಯ ದೆವ್ವದ ಕತೆಗಳು ಈಚೆಗೆ ಬೇರೆ ರೀತಿಯಲ್ಲಿ ಸುತ್ತಾಡುತ್ತಿವೆ. ಪಾಳುಮನೆಗಳ ಒಳಗೆ ರಾತ್ರಿ ಟಾರ್ಚ್ ಹಿಡಿದು ನುಗ್ಗಿ, ಬಾವಲಿ ಹಾರಿದ್ದಕ್ಕೆ ಕಿರುಚಿ, ಅದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗುವವರು ಬರುತ್ತಾರೆ. ಆ ವಿಡಿಯೊಗಳಲ್ಲಿ ಮನೆ ಯಾರದೆಂಬುದಿರುವುದಿಲ್ಲ, ಸತ್ತವರು ಯಾರೆಂಬುದೂ ಇರುವುದಿಲ್ಲ. ನಾನು ಕೇಳಿ ಬೆಳೆದ ಕತೆಗಳಲ್ಲಿ ಅವೆರಡೂ ಇದ್ದವು. ಜೊತೆಗೆ, ಕೇಳಿದವರು ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಇರುತ್ತಿತ್ತು. ಆ ಭಾಗವನ್ನು ಕಿತ್ತು ಬರಿಯ ಹೆದರಿಕೆಯನ್ನಷ್ಟೇ ಉಳಿಸಿಕೊಳ್ಳುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ತುಂಗಭದ್ರೆಯ ಉತ್ತರ ದಡದಲ್ಲಿರುವ ಆನೆಗೊಂದಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಊರು, ಹೊಳೆಯಾಚೆ ಹಂಪಿ. ವಿಜಯನಗರ ಹುಟ್ಟುವ ಮೊದಲೇ ಇಲ್ಲಿ ಕೋಟೆಯಿತ್ತು. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದು ಹಿಂದೆ ರಾಜಧಾನಿಯಾಗಿತ್ತೆಂದು ಕೇಳಿ ಬರೆದುಕೊಂಡಿದ್ದಾನೆ. ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಜನರನ್ನು ಹೊರುವ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದರೆಂದೂ ಬರೆದಿದ್ದಾನೆ. ನಾನು ಚಿಕ್ಕವನಿದ್ದಾಗ ದಾಟುತ್ತಿದ್ದುದೂ ಅದೇ ಹರಿಗೋಲಿನಲ್ಲಿ, ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿತ್ತು ಅಷ್ಟೇ. ಊರೊಳಗಿನ ಹಳೆಯ ಮನೆಗಳಿಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಸಾಲು ಜಂತಿ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಬೆಳಕಿಂಡಿ. ಕೆಲವು ಮನೆಗಳ ಹೊಸ್ತಿಲಲ್ಲಿ, ಕಟ್ಟೆಯಲ್ಲಿ ಯಾವುದೋ ಮಂಟಪದಿಂದ ಬಂದ ಕೆತ್ತನೆಯ ಕಲ್ಲು ಕಾಣುತ್ತದೆ. ಹಾಳಾದ ಒಂದು ಪಟ್ಟಣದ ಕಲ್ಲುಗಳಿಂದಲೇ ಇನ್ನೊಂದು ಊರು ಕಟ್ಟಿಕೊಂಡಿದೆಯಾದ್ದರಿಂದ, ನಮ್ಮ ಮನೆಗಳಲ್ಲಿ ನಮಗಿಂತ ಹಿಂದಿನವರು ಯಾರೋ ಇದ್ದಾರೆಂದು ಜನರಿಗೆ ಅನ್ನಿಸಿದ್ದರಲ್ಲಿ ಅಚ್ಚರಿಯೇನಿಲ್ಲ.

ಅಜ್ಜಿಯ ಮನೆಯಿಂದ ಮೂರನೆಯದು "ಬಾಗಿಲು ಬಡಿಯುವ ಮನೆ". ನನ್ನ ಕಾಲಕ್ಕೆ ಅದರ ಮಾಳಿಗೆ ಅರ್ಧ ಕುಸಿದು, ಅಂಗಳದಲ್ಲಿ ಬೇವಿನ ಮರ ಎದ್ದಿತ್ತು. ಎದುರಿನ ದೊಡ್ಡ ಬಾಗಿಲು ಮಾತ್ರ ಗಟ್ಟಿಯಾಗಿ ನಿಂತು, ಅದಕ್ಕೆ ತುಕ್ಕು ಹಿಡಿದ ಬೀಗ ತೂಗುತ್ತಿತ್ತು. ಅಮಾವಾಸ್ಯೆಯ ರಾತ್ರಿ ಆ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಾರೆ ಎಂಬುದು ಕತೆ. ಹೊರಗಿನಿಂದ ಬಡಿಯುವ ದೆವ್ವದ ಕತೆ ಎಲ್ಲ ಊರುಗಳಲ್ಲಿಯೂ ಇದೆ. ಅದಕ್ಕೆಂದೇ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ಕಾಲ ನನಗೂ ನೆನಪಿದೆ. ಒಳಗಿನಿಂದ ಬಡಿಯುವುದನ್ನು ನಾನು ಆನೆಗೊಂದಿಯಲ್ಲಷ್ಟೇ ಕೇಳಿದ್ದು.

ಆ ಮನೆಯ ಬೀಗದ ಕತೆ ತಿಳಿಯಬೇಕಾದರೆ ಹೊಳೆಯ ಎರಡು ದಡಗಳ ವ್ಯತ್ಯಾಸ ತಿಳಿದಿರಬೇಕು. ಆಚೆ ದಡದ ಹಂಪಿ, ಕಂಪ್ಲಿ, ಹೊಸಪೇಟೆಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು; ಈಚೆ ದಡದ ಆನೆಗೊಂದಿ ಹೈದರಾಬಾದಿನ ನಿಜಾಮನ ಸೀಮೆ. 1947ರ ಆಗಸ್ಟ್ 15ರಂದು ಆಚೆ ದಡಕ್ಕೆ ಸ್ವಾತಂತ್ರ್ಯ ಬಂತು. ಈಚೆ ದಡಕ್ಕೆ ಅದು ಬಂದದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳು ಒಂದು ಹೊಳೆಯ ಅಗಲವೇ ಎರಡು ದೇಶಗಳ ಅಂತರವಾಗಿತ್ತು. ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರ ಹೆದರಿಕೆಗೆ ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಕುಟುಂಬಗಳು ಗಡಿ ದಾಟಿ ನೆಂಟರ ಮನೆಗಳನ್ನೋ ಶಿಬಿರಗಳನ್ನೋ ಸೇರಿಕೊಂಡವು. ಆ ಮೂರನೆಯ ಮನೆಯವರು ಒಂದು ರಾತ್ರಿ, ಒಲೆಯ ಮೇಲಿನ ಹಾಲನ್ನೂ ಇಳಿಸದೆ, ಹರಿಗೋಲು ಹತ್ತಿ ಹೋದರಂತೆ. ತಿರುಗಿ ಬರುತ್ತೇವೆಂದು ಬೀಗ ಹಾಕಿದ್ದರು. ಹೊಸಪೇಟೆಯಲ್ಲಿ ವ್ಯಾಪಾರ ಹತ್ತಿತು, ಮಕ್ಕಳು ಅಲ್ಲಿಯೇ ಬೆಳೆದರು, ಕಡೆಗೆ ಬೀಗದ ಕೈ ಯಾರ ಬಳಿ ಇದೆಯೆಂಬುದೂ ತಿಳಿಯದೆ ಹೋಯಿತು.

"ಅದು ದೆವ್ವಲ್ಲೋ, ಮನಿ ಬಡಕೊಂತೈತಿ. ನನ್ನ ಬಿಟ್ಟು ಹೋದ್ರಲ್ಲ ಅಂತ ಬಡಕೊಂತೈತಿ," ಎನ್ನುತ್ತಿದ್ದಳು ಅಜ್ಜಿ. ನಮ್ಮಲ್ಲಿ ಸತ್ತವರ ಮುಂದೆ ಎದೆ ಬಡಿದುಕೊಂಡು ಅಳುವುದಕ್ಕೂ ಅದೇ ಮಾತು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ನಾನು ಆ ಸದ್ದನ್ನು ಕೇಳಿದ್ದೇನೆ. ಹನ್ನೆರಡನೆಯ ವಯಸ್ಸಿನಲ್ಲಿ, ಆಷಾಢದ ಗಾಳಿಯ ಒಂದು ರಾತ್ರಿ, ಸೋದರಮಾವನ ಕೈ ಹಿಡಿದುಕೊಂಡು ಹೋಗಿ ಕಟ್ಟೆಯ ಮೇಲೆ ನಿಂತಿದ್ದೆ. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಎರಡು ಬಡಿತ, ನಡುವೆ ಬಿಡುವು, ಮತ್ತೊಂದು. ಮಾವ ನನ್ನನ್ನು ಅಲ್ಲಿಯೇ ನಿಲ್ಲಿಸಿ, ಕುಸಿದ ಗೋಡೆಯ ಬದಿಯಿಂದ ಒಳಗೆ ಟಾರ್ಚ್ ಬಿಟ್ಟು ತೋರಿಸಿದ. ಬಾಗಿಲ ಹಿಂದೆ ಗೋಡೆಯ ತೂತಿನಲ್ಲಿ ಸರಿದಾಡುವ ಮರದ ಅಗಳಿಯಿತ್ತು, ಆಳುದ್ದದ ತೊಲೆಯಂಥದು. ಅದರ ಒಂದು ತುದಿಯ ಗೂಡು ಸವೆದಿತ್ತು. ಹೊಳೆಯ ಕಡೆಯಿಂದ ಬೀಸಿದ ಗಾಳಿ ಹರಿದ ಮಾಳಿಗೆಯಿಂದ ಇಳಿದಾಗಲೆಲ್ಲ ಅಗಳಿ ಜೋತು ಬಂದು ಹಲಗೆಗೆ ತಾಕುತ್ತಿತ್ತು. ತಿಳಿದ ಮೇಲೆ ನನ್ನ ಹೆದರಿಕೆ ಹೋಯಿತು. ಆದರೆ ಅಜ್ಜಿಯ ಮಾತು ಸುಳ್ಳೆಂದು ಆ ರಾತ್ರಿಯೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬೀಗ ಹಾಕಿದವರು ತೆಗೆಯಲು ಬಾರದೆ ಇದ್ದುದರಿಂದಲೇ ಆ ಅಗಳಿ ಅಷ್ಟು ವರ್ಷ ಬಡಿದುಕೊಂಡಿತು.

ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿಗೆ ಮಾತ್ರ ಓಗೊಡಬೇಕು, ದೆವ್ವ ಮೂರನೆಯ ಸಲ ಕೂಗುವುದಿಲ್ಲ ಎಂಬ ನೇಮವೂ ಅಜ್ಜಿಯ ಮನೆಯಲ್ಲಿತ್ತು. ನಾಡಿನ ತುಂಬ ಇರುವ ನಂಬಿಕೆಯಿದು. ಆದರೆ ಅಜ್ಜಿ ಇದನ್ನು ಕಲಿತದ್ದು ಆ ಹದಿಮೂರು ತಿಂಗಳಲ್ಲಿ ತನ್ನ ತಾಯಿಯಿಂದ. ಮೊದಲೆರಡು ಕೂಗುಗಳ ನಡುವೆ ಗಂಡಸರು ಹಿತ್ತಲಿನಿಂದ ಹೊಳೆಯ ಕಡೆಗೆ ಇಳಿಯಲು ಸಮಯ ಸಿಗುತ್ತಿತ್ತೇನೋ ಎಂದು ನಾನು ಊಹಿಸುತ್ತೇನೆ. ಅಜ್ಜಿಯನ್ನು ಕೇಳಿದಾಗ ಆಕೆ ಉತ್ತರಿಸದೆ ಎಲೆಯಡಿಕೆಯ ಚೀಲ ಹುಡುಕತೊಡಗಿದ್ದಳು.

ಹೊಳೆಯ ಕತೆಗಳೇ ಬೇರೆ. ನಟ್ಟನಡು ಮಧ್ಯಾಹ್ನ ಮತ್ತು ದೀಪ ಹಚ್ಚುವ ಹೊತ್ತು, ಈ ಎರಡು ವೇಳೆಗಳಲ್ಲಿ ಮಡುವಿನ ಕಡೆ ಹೋಗಬಾರದು. ಅಲ್ಲಿ ಕೂಸು ಅಳುತ್ತದೆ, ಎತ್ತಿಕೊಳ್ಳಲು ಹೋದವರನ್ನು ನೀರು ಎಳೆದುಕೊಳ್ಳುತ್ತದೆ. ಕೂಸಿನ ಅಳುವನ್ನು ನಾನು ಹಲವು ಸಲ ಕೇಳಿದ್ದೇನೆ. ಅದು ನೀರುನಾಯಿ. ತುಂಗಭದ್ರೆಯಲ್ಲಿ ನುಣುಪು ಮೈಯ ನೀರುನಾಯಿಗಳು ಗುಂಪಾಗಿ ಬದುಕುತ್ತವೆ, ಸಂಜೆಯ ಹೊತ್ತು ಒಂದನ್ನೊಂದು ಕರೆಯುವಾಗ ಸಿಳ್ಳೆಗೂ ಅಳುವಿಗೂ ನಡುವಿನ ದನಿ ತೆಗೆಯುತ್ತವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿತು. ನಮ್ಮ ಊರಿನ ದಡವೂ ಅದರಲ್ಲಿದೆ. ಹಾಗೆಂದು ಮಡುವಿನ ಕತೆಯನ್ನು ಬಿಟ್ಟುಬಿಡಲು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಹೊಳೆಯ ತಳವೆಲ್ಲ ಬಂಡೆ, ಬಂಡೆಯ ನಡುವೆ ನೀರೇ ಕೊರೆದ ಬಾವಿಯಂಥ ಗುಂಡಿಗಳು, ಅಂಚಿಗೆ ಪಾಚಿ. ಮೊಸಳೆಗಳಿವೆ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ನಿಂತಲ್ಲಿಯೇ ಮೊಣಕಾಲಿನ ನೀರು ಸೊಂಟಕ್ಕೆ ಬರುತ್ತದೆ. ದಡದಲ್ಲಿ ಎಷ್ಟು ಎಚ್ಚರಿಕೆಯ ಫಲಕ ನೆಟ್ಟರೂ ಪ್ರತಿವರ್ಷ ಹೊರಗಿನಿಂದ ಬಂದ ಹುಡುಗರು ಈಜಲು ಇಳಿಯುತ್ತಾರೆ. ಅಳುವ ಕೂಸಿನ ಕತೆ ಕೇಳಿ ಬೆಳೆದ ನಮ್ಮ ಓಣಿಯ ಮಕ್ಕಳು ಆ ಹೊತ್ತಿನಲ್ಲಿ ಆ ಜಾಗಕ್ಕೆ ಇಳಿದದ್ದನ್ನು ನಾನು ನೋಡಿಲ್ಲ.

ತಳವಾರಘಟ್ಟದ ಬಳಿ ಹೊಳೆಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು; ಕೆಲಸದಲ್ಲಿದ್ದ ಕಾರ್ಮಿಕರು ಸತ್ತರು. ಅದಾಗಿ ಒಂದೆರಡು ವರ್ಷಗಳ ಮೇಲೆ ಮುರಿದ ಕಂಬಗಳ ಪಕ್ಕದಲ್ಲಿ ನಮ್ಮ ಹರಿಗೋಲು ಹಾಯುವಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ತನ್ನಷ್ಟಕ್ಕೆ ತಿರುಗುತ್ತ ತೇಲಿತು. ಏಕೆಂದು ಕೇಳಿದೆ. ಸಂಜೆಯಾದ ಮೇಲೆ ಇಲ್ಲಿ ಕಬ್ಬಿಣ ಬಡಿಯುವ ಸದ್ದು ಕೇಳುತ್ತದೆ, ಕೆಲಸ ಮುಗಿಸದೆ ಹೋದವರು ಅವರು, ಅವರ ಮುಂದೆ ಸದ್ದು ಮಾಡಬಾರದು ಎಂದ. ಸತ್ತವರು ಎಲ್ಲಿಂದ ಬಂದವರೋ, ಅವರ ಹೆಸರುಗಳನ್ನು ನಮ್ಮ ಊರಿನವರು ಯಾರೂ ಹೇಳಲಾರರು. ಆ ಅಂಬಿಗ ಹುಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ ಆ ಒಂದು ನಿಮಿಷಕ್ಕಿಂತ ದೊಡ್ಡ ಗೌರವ ಆ ಜಾಗದಲ್ಲಿ ಅವರಿಗೆ ಸಂದದ್ದನ್ನು ನಾನು ಕಂಡಿಲ್ಲ.

ದೆವ್ವದ ಮನೆಯೆಂದರೆ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹಳೆಯವು ಗಂಗಾವತಿಯ ಪಕ್ಕದ ಹಿರೇಬೆಣಕಲ್ಲಿನ ಬೆಟ್ಟದ ಮೇಲಿವೆ. ಎಂಟನೆಯ ತರಗತಿಯಲ್ಲಿದ್ದಾಗ ಮೊದಲ ಸಲ ಹತ್ತಿದೆ. ಬಂಡೆಗಳ ಸಂದಿಯಲ್ಲಿ ಏರಿ ಏರಿ ಬಯಲಿಗೆ ಬಂದೊಡನೆ ಎದುರಿಗೊಂದು ಓಣಿಯೇ ಇತ್ತು: ನಾಲ್ಕು ಕಡೆ ನಿಲ್ಲಿಸಿದ ಕಲ್ಲಿನ ಹಲಗೆಗಳು, ಮೇಲೊಂದು ಮುಚ್ಚುಗಲ್ಲು, ಒಂದು ಗೋಡೆಗೆ ದುಂಡನೆಯ ಕಂಡಿ. ನಮ್ಮವರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರೆಂದರೆ ಗಿಡ್ಡ ಜನ, ಆ ಕಂಡಿಯಿಂದಲೇ ಒಳಗೆ ಹೊರಗೆ ಓಡಾಡುತ್ತಿದ್ದರಂತೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿರುವುದರಿಂದ ಮೋರ್ಯರೆಂದರೆ ಮೌರ್ಯರಿರಬೇಕೆಂದು ಕೆಲವರು ವಾದಿಸುತ್ತಾರೆ, ನನಗೆ ಅದು ಬರಿಯ ಹೆಸರಿನ ಹೋಲಿಕೆಯೆನ್ನಿಸುತ್ತದೆ. ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ, ಕಬ್ಬಿಣ ಬಳಸಲು ಕಲಿತ ಜನರ ಬೃಹತ್ ಶಿಲಾಸಮಾಧಿಗಳು. ಚಿಕ್ಕವು ದೊಡ್ಡವು ಸೇರಿ ಸುಮಾರು 400 ಇವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಅಲ್ಲಿಯೇ ಬಂಡೆಯ ತುದಿಯಲ್ಲೊಂದು ಅರ್ಧಗೋಳದ ಕಲ್ಲಿನ ನಗಾರಿಯಿದೆ, ಸಣ್ಣ ಕಲ್ಲಿನಿಂದ ಕುಟ್ಟಿದರೆ ಬೆಟ್ಟದ ಕೆಳಗಿನವರೆಗೂ ಕೇಳುತ್ತದೆ. ಸತ್ತವರಿಗೆ ಮನೆ ಕಟ್ಟಿ, ಅದಕ್ಕೆ ಕಿಟಕಿಯಿಟ್ಟು, ಕರೆಯಲು ನಗಾರಿಯನ್ನೂ ಇಟ್ಟುಕೊಂಡವರು ಬದುಕಿದ್ದ ನೆಲದಲ್ಲಿ ನಾವಿದ್ದೇವೆ. ನಾನು ಆ ಕಂಡಿಯೊಂದಕ್ಕೆ ಕೈ ಚಾಚಿದ್ದೆ. ಬಿಸಿಲಿನಲ್ಲಿ ಬಂಡೆ ಕಾದು ಸುಡುತ್ತಿತ್ತು, ಒಳಗಿನ ಗಾಳಿ ಮಾತ್ರ ನೀರಿನ ಗಡಿಗೆಯೊಳಗಿನಂತೆ ತಣ್ಣಗಿತ್ತು. ಜೊತೆಗಿದ್ದ ಮೇಷ್ಟ್ರು, "ಒಳಗಿನವ್ರು ನಿದ್ದಿ ಮಾಡಾಕತ್ಯಾರ, ಕೈ ತಗಿ," ಎಂದರು. ಗದರಿಸದೆ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದ್ದರಿಂದಲೇ ಅದು ಇಂದಿಗೂ ನೆನಪಿದೆ.

ಇಷ್ಟು ಪ್ರೀತಿಯಿಂದ ಹೇಳಿದ ಮೇಲೆ ನಾನು ಒಪ್ಪದ ಕತೆಗಳನ್ನೂ ಹೇಳಬೇಕು. ಅವು ನಿಧಿ ಕಾಯುವ ದೆವ್ವಗಳ ಕತೆಗಳು. ವಿಜಯನಗರದ ಐಶ್ವರ್ಯ ಎಲ್ಲಿ ಹೋಯಿತೆಂಬ ಪ್ರಶ್ನೆ ನಮ್ಮ ಭಾಗದ ಜನರ ತಲೆಯನ್ನು ಇಂದಿಗೂ ತಿನ್ನುತ್ತಿದೆ. 1565ರ ಸೋಲಿನ ಮೇಲೆ ಆನೆಗಳ ಮೇಲೆ ಹೇರಿಕೊಂಡು ಹೋದದ್ದು ಹೋಯಿತು, ಉಳಿದದ್ದು ಹುಗಿದಿದೆ ಎಂದು ನಂಬಿದವರಿಗೆ ಆನೆಗೊಂದಿಯ ಪ್ರತಿಯೊಂದು ಪಾಳುಮನೆಯೂ ಬಾಯಿ ಮುಚ್ಚಿದ ಹಂಡೆಯಾಗಿ ಕಾಣುತ್ತದೆ. ಮನೆಯಲ್ಲಿ ದೆವ್ವವಿದೆ ಎಂದರೆ ಇವರ ಕಿವಿಗೆ ಅಲ್ಲಿ ಹೊನ್ನಿದೆ ಎಂದೇ ಕೇಳುತ್ತದೆ, ಏಕೆಂದರೆ ಇವರ ಲೆಕ್ಕದಲ್ಲಿ ಕಾವಲುಗಾರನಿಲ್ಲದೆ ನಿಧಿಯಿಲ್ಲ. ದೇವರ ಮನೆಯ ಮೂಲೆ ಅಗೆಯುತ್ತಾರೆ, ಕಂಬದ ಬುಡ ಬಗೆಯುತ್ತಾರೆ, ಮುಂದಿನ ಮಳೆಗೆ ಆ ಗೋಡೆ ಬೀಳುತ್ತದೆ. ಬಾಗಿಲು ಬಡಿಯುವ ಮನೆ ಬಿದ್ದದ್ದೂ ಹೀಗೆಯೇ. ಒಂದು ಬೆಳಗ್ಗೆ ನೋಡಿದರೆ ಹೊಸ್ತಿಲನ್ನು ಕಿತ್ತು ಮಗುಚಿ ಹಾಕಿದ್ದರು, ಅಡಿಯಲ್ಲಿ ಮೊಳದಾಳದ ಗುಂಡಿ, ಗುಂಡಿಯ ಸುತ್ತ ಕುಂಕುಮ, ಕತ್ತರಿಸಿದ ಲಿಂಬೆಹಣ್ಣು. ಆ ವರ್ಷದ ಶ್ರಾವಣದಲ್ಲಿ ಚೌಕಟ್ಟು ಸಮೇತ ಬಾಗಿಲು ಬಿತ್ತು. ಅಷ್ಟು ವರ್ಷ ಬಡಿದುಕೊಂಡ ಅಗಳಿಯನ್ನು ಯಾರೋ ಒಲೆಗೆ ಒಯ್ದರು.

2019ರ ಜುಲೈಯಲ್ಲಿ ನಡೆದದ್ದನ್ನು ಕೇಳಿ ಇಡೀ ನಾಡು ನೊಂದಿತು. ಆನೆಗೊಂದಿಯ ನಡುಗಡ್ಡೆಯಾದ ನವವೃಂದಾವನದಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಅವುಗಳಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಬಿದ್ದವರು ರಾತ್ರಿ ಹೋಗಿ ಒಡೆದು ಹಾಕಿದರು. ವ್ಯಾಸರಾಜರು ಕೃಷ್ಣದೇವರಾಯನ ಕಾಲದ ಗುರುಗಳು, 1539ರಲ್ಲಿ ವೃಂದಾವನಸ್ಥರಾದವರು. ಒಬ್ಬ ಸಂನ್ಯಾಸಿಯ ಸಮಾಧಿಯ ಕೆಳಗೆ ಬಂಗಾರವಿರುತ್ತದೆಂದು ನಂಬುವ ಮಟ್ಟಕ್ಕೆ ಆಸೆ ಹೋಗಿತ್ತು. ಪೊಲೀಸರು ಆರೋಪಿಗಳನ್ನು ಹಿಡಿದರು, ಭಕ್ತರು ಕೂಡಿ ಒಂದೆರಡು ದಿನಗಳಲ್ಲಿಯೇ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ನಾನು ಮಾಧ್ವನಲ್ಲ, ಆದರೂ ಆ ಒಡೆದ ಕಲ್ಲುಗಳ ಚಿತ್ರ ನೋಡಿದ ದಿನ ಊಟ ಸೇರಲಿಲ್ಲ.

ಸಿಕ್ಕರೂ ಅದು ಅಗೆದವನದಲ್ಲ ಎಂಬುದನ್ನು ಇವರಿಗೆ ಯಾರು ಹೇಳಬೇಕೋ. 1878ರಷ್ಟು ಹಳೆಯ ನಿಧಿ ಕಾಯ್ದೆಯೇ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತ್ತು. ನಿಧಿಗಾಗಿ ನಡೆಸುವ ವಾಮಾಚಾರವನ್ನೂ ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಬಡಿದು ಹಿಂಸಿಸುವುದನ್ನೂ ಕರ್ನಾಟಕದ 2017ರ ಕಾಯ್ದೆ ಅಪರಾಧವೆಂದಿದೆ. ಈ ಎರಡನೆಯದರ ಬಗ್ಗೆ ನನಗೆ ಹೇಳಬೇಕಾದದ್ದು ಬಹಳವಿದೆ, ಆದರೆ ಗಾಳಿ ಸೋಕಿತೆಂದು ಬೇವಿನ ಬರಲಿನಲ್ಲಿ ಏಟು ತಿಂದ ಹೆಣ್ಣುಮಕ್ಕಳ ಮಾತು ಮನೆಗಳ ಮಾತಿನ ನಡುವೆ ತೂರಿಸುವಂಥದಲ್ಲ. ಅದನ್ನು ಬೇರೆಯೇ ಬರೆಯುತ್ತೇನೆ.

ಹಗೇವಿನಾಕಿಯ ವಿಷಯಕ್ಕೆ ಮರಳುತ್ತೇನೆ. ಆಕೆ ನನ್ನ ಮುತ್ತಜ್ಜನ ತಂಗಿ. ಇದು ನನಗೆ ಗೊತ್ತಾದದ್ದು ಕಾಲೇಜು ಸೇರಿದ ಮೇಲೆ, ಅದೂ ಸೋದರಮಾವನಿಂದ. ಸುಗ್ಗಿ ಕೈಕೊಟ್ಟ ಒಂದು ವರ್ಷ, ಹಬ್ಬದ ಮುನ್ನಾದಿನ, ಜೋಳ ತೆಗೆಯಲೆಂದು ಕಲ್ಲು ಸರಿಸಿ ಆಕೆಯನ್ನು ಇಳಿಸಿದರಂತೆ. ಹಗೇವಿನ ಕತ್ತು ಕಿರಿದಾದ್ದರಿಂದ ಮನೆಯಲ್ಲಿ ತೆಳ್ಳಗಿದ್ದವರನ್ನೇ ಇಳಿಸುವುದು ವಾಡಿಕೆ. ಮೊದಲ ಬುಟ್ಟಿ ಮೇಲೆ ಬಂತು, ಎರಡನೆಯದು ಬರಲಿಲ್ಲ. ಕೂಗಿದರೆ ದನಿಯಿಲ್ಲ. ಎತ್ತಲು ಇಳಿದ ಆಳುಮಗನೂ ಅಲ್ಲಿಯೇ ಕುಸಿದ. ಆಕೆಗೆ ಆಗ ಹದಿನಾರೋ ಹದಿನೇಳೋ. ಇಬ್ಬರ ಮೈಮೇಲೂ ಗಾಯವಿರಲಿಲ್ಲ, ಹಾವು ಕಚ್ಚಿದ ಗುರುತೂ ಇರಲಿಲ್ಲ. ದೆವ್ವ ಹಿಡಿಯಿತೆಂದು ಊರು ಹೇಳಿತು. ಕ್ರಮೇಣ ಆ ದೆವ್ವಕ್ಕೆ ಆಕೆಯ ರೂಪವೇ ಬಂತು.

ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಹಗೇವಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಕಾಳೂ, ತೇವಕ್ಕೆ ಕೊಳೆಯುವ ಹುಲ್ಲೂ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಹುಳುಗಳು ಬದುಕದಿರುವುದೂ ಅದರಿಂದಲೇ. ಆ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ತೂಕದ್ದು, ಆದ್ದರಿಂದ ಕಲ್ಲು ತೆಗೆದರೂ ಮೇಲೇಳದೆ ತಳದಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದ್ದು, ಅದು 16ರ ಸುಮಾರಿಗೆ ಇಳಿದಾಗ ದೀಪ ಆರುತ್ತದೆ. ಮನುಷ್ಯನ ಪ್ರಜ್ಞೆ ತಪ್ಪುವುದು ಅದಕ್ಕಿಂತಲೂ ಕೆಳಗಿಳಿದ ಮೇಲೆ. ಅಂದರೆ ದೀಪ ನಮಗಿಂತ ಮೊದಲು ಸಾಯುತ್ತದೆ. ಅಜ್ಜಿಯ ಕತೆಯ ಒಂದೊಂದು ಮಾತನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಆಕೆ ದೀಪ ತೆಗೆದುಕೊಂಡರೆ ಬಾಯಿ ತೆರೆದಿಟ್ಟು ಬರಬೇಕು, ಮರುದಿನ ಮತ್ತೆ ಇಳಿಸಿ ನೋಡಬೇಕು, ದೀಪ ಮರಳಿ ಬಂದರೆ ಮಾತ್ರ ಇಳಿಯಬೇಕು. ಮನೆಮಗಳನ್ನು ಕಳೆದುಕೊಂಡ ಹೆಂಗಸರು, ಅಕ್ಷರ ಬಾರದವರು, ಮುಂದಿನ ಮಕ್ಕಳು ಮರೆಯಲಾಗದಂತೆ ಇದನ್ನು ಕಟ್ಟಿದರು. ಸತ್ತ ಹುಡುಗಿಯನ್ನೇ ಕಾವಲಿಗೆ ಕೂರಿಸಿದರು. ಅದಾದ ಮೇಲೆ ನಮ್ಮ ಮನೆಯ ಹಗೇವಿನಲ್ಲಿ ಯಾರೂ ಸಾಯಲಿಲ್ಲ.

ಕಳೆದ ವರ್ಷ ಆ ಮನೆಯನ್ನು ದುರಸ್ತಿ ಮಾಡಿಸಲು ಹೋದೆವು. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಾವನವರು ಗಂಗಾವತಿಯಲ್ಲಿ ಮನೆ ಮಾಡಿದ್ದರು, ಪಡಸಾಲೆಯ ಎರಡು ಜಂತಿಗೆ ಗೆದ್ದಲು ಹಿಡಿದಿತ್ತು. ಹಾಸುಗಲ್ಲು ಎಬ್ಬಿಸುವಾಗ ಗಾರೆಯವನು ಕಬ್ಬಿಣದ ಬಳೆ ನೋಡಿ ನಿಂತ. ಜೊತೆಗೆ ಬಂದಿದ್ದ ಇಬ್ಬರು ಹುಡುಗರ ಮುಖದಲ್ಲಿ ಏನು ಓಡಿತೆಂಬುದು ನನಗೆ ತಿಳಿಯಿತು. ಒಬ್ಬ ಅಂಗಿ ಕಳಚಿ, ನಾನು ಇಳಿಯುತ್ತೇನೆ, ಖಾಲಿ ಇದೆಯೋ ಏನೋ ನೋಡಿಬಿಡೋಣ ಎಂದ. ಇಲ್ಲಿ ಜೋಳದ ಹೊರತು ಏನೂ ಇರಲಿಲ್ಲವೆಂದು ನಾನೆಂದರೂ ಅವನಿಗೆ ನಂಬಿಕೆ ಬರಲಿಲ್ಲ. ಮೂವರು ಸೇರಿ ಹಾರೆ ಹಾಕಿ ಕಲ್ಲು ಸರಿಸಿದರು. ಹಳೆಯ ಹುಲ್ಲಿನ, ಹಸಿ ಮಣ್ಣಿನ ವಾಸನೆ ಬಂತು.

ನಾನು ಅಡುಗೆಮನೆಯ ಮಾಡದಿಂದ ಅಜ್ಜಿಯ ಕಂದೀಲು ತಂದೆ. ಗಾಜು ಒಡೆದಿತ್ತು, ಬತ್ತಿ ಹಾಕಿ ಎಣ್ಣೆ ತುಂಬಿ ಹಚ್ಚಿದೆ. ಬಾವಿಯ ಹಗ್ಗಕ್ಕೆ ಕಟ್ಟಿ, ಬಾಯಿಯಂಚಿನಲ್ಲಿ ಮೊಣಕಾಲೂರಿ, ಕೈ ಕೈ ಬಿಡುತ್ತ ಇಳಿಸಿದೆ. ಕತ್ತಿನ ಗೋಡೆಯಲ್ಲಿ ಗುದ್ದಲಿಯ ಹಳೆಯ ಹಲ್ಲುಗಳ ಗುರುತು ಕಂಡವು, ಕಾಲಿಡಲು ಕೊರೆದ ಗೂಡುಗಳು ಒಂದರ ಕೆಳಗೊಂದು ಕಂಡವು. ನಾಲ್ಕಡಿ, ಆರಡಿ, ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಹೊಟ್ಟೆಯ ಭಾಗಕ್ಕೆ ಬರುತ್ತಲೂ ಜ್ವಾಲೆ ಸಣ್ಣಗಾಯಿತು, ಹಳದಿಯಾಯಿತು, ಬತ್ತಿಯಿಂದ ಒಂದು ಬೆರಳಷ್ಟು ಮೇಲೆದ್ದು ನಿಂತಂತೆ ಕಂಡಿತು. ಆಮೇಲೆ ಇರಲಿಲ್ಲ. ಗಾಳಿಯಿರಲಿಲ್ಲ, ಸದ್ದಿರಲಿಲ್ಲ. ಅಂಗಿ ಕಳಚಿದ್ದ ಹುಡುಗ ನನ್ನ ಹಿಂದಿನಿಂದ ಬಗ್ಗಿ ನೋಡುತ್ತಿದ್ದವನು ಎರಡು ಹೆಜ್ಜೆ ಹಿಂದೆ ಸರಿದ.

"ಯಾರು ತಗೊಂಡ್ರು?" ಎಂದು ಕೇಳಿದ.

ನಾನು ಅವನಿಗೆ ಆಕೆಯ ಕತೆಯನ್ನು ಅಜ್ಜಿ ಹೇಳುತ್ತಿದ್ದ ಮಾತುಗಳಲ್ಲಿಯೇ ಹೇಳಿದೆ. ಆಮೇಲೆ ಗಾಳಿಯ ವಿಷಯವನ್ನೂ ಹೇಳಿದೆ. ಕಲ್ಲನ್ನು ಬದಿಗಿಟ್ಟು, ಬಾಯಿಯ ಸುತ್ತ ಮುಳ್ಳಿನ ಜಾಲಿ ಹಚ್ಚಿ ಬಂದೆವು. ಮರುದಿನ ಮತ್ತೆ ಇಳಿಸಿದಾಗಲೂ ಆರಿತು. ಮೂರನೆಯ ದಿನ ಸಂಜೆ ದೀಪ ತಳದವರೆಗೆ ಹೋಗಿ, ಅಲ್ಲಿ ಬಿದ್ದಿದ್ದ ಒಂದು ಹರಿದ ಬುಟ್ಟಿಯನ್ನು ತೋರಿಸಿ, ಉರಿಯುತ್ತಲೇ ಮೇಲೆ ಬಂತು. ಇಳಿಯುವ ಆಸೆ ಅಷ್ಟರಲ್ಲಿ ಯಾರಿಗೂ ಉಳಿದಿರಲಿಲ್ಲ. ಹುಡುಗನೇ ಹಾರೆ ತೆಗೆದುಕೊಂಡು ಕಲ್ಲನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದ, ಸಂದಿಗೆ ಮಣ್ಣು ಕಲಸಿ ಮೆತ್ತಿದ. ಹೊಸ ಹಾಸುಗಲ್ಲು ಹಾಕುವಾಗ ಆ ಒಂದು ಚಪ್ಪಡಿಯನ್ನು ಹಾಗೆಯೇ, ಬಳೆ ಸಮೇತ, ತುಸು ಎತ್ತರವಾಗಿಯೇ ಬಿಡಬೇಕೆಂದು ಗಾರೆಯವನಿಗೆ ಹೇಳಿ ಬಂದಿದ್ದೇನೆ.